ಕೋಡಿಂಗ್ ಕಲಿಯಲು ದುಬಾರಿ ಲ್ಯಾಪ್‌ಟಾಪ್ ಬೇಕೇ? ಪೈಥಾನ್‌ಗೆ 'ಫುಲ್ ವರ್ಷನ್' ಇದೆಯೇ?

ಪಿಯುಸಿ ಪರೀಕ್ಷೆ ಮುಗಿಯುತ್ತಿದ್ದಂತೆ ಪೋಷಕರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದೇ ಬಗೆಯ ಫಾರ್ವರ್ಡ್‌ಗಳು ಹರಿದಾಡುತ್ತವೆ. ಕೋಡಿಂಗ್‌ಗೆ 16 ಜಿಬಿ ರ‍್ಯಾಮ್ ಬೇಕೇ ಬೇಕು, ಪೈಥಾನ್‌ನ 'ಫುಲ್ ವರ್ಷನ್' ಈ ಲಿಂಕ್‌ನಲ್ಲಿದೆ, ಸೆಟಪ್ ಮಾಡಿಕೊಡಲು ಇಷ್ಟು ಶುಲ್ಕ. ಇದರಲ್ಲಿ ನಿಜವೆಷ್ಟು?

ಪೈಥಾನ್‌ಗೆ ಹಾಫ್ ವರ್ಷನ್ ಎಂಬುದೇ ಇಲ್ಲ. ಗೀಡೊ ವಾನ್ ರೋಸಮ್ 1991ರಲ್ಲಿ ಮೊದಲು ಬಿಡುಗಡೆ ಮಾಡಿದ ಈ ಭಾಷೆ ಪೂರ್ತಿ ಉಚಿತ. ಪೈಥಾನ್ ಡಾಟ್ ಆರ್ಗ್ ತಾಣದಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ವಿಂಡೋಸ್ ಇನ್‌ಸ್ಟಾಲರ್ 50 ಎಂಬಿಗಿಂತಲೂ ಚಿಕ್ಕದು. ಬೀಗವೇ ಇಲ್ಲದ ಮನೆಗೆ ಕಳ್ಳ ಕೀಲಿ ಯಾಕೆ? ಹಾಗಾಗಿ 'ಕ್ರ್ಯಾಕ್' ಎಂದು ಬರುವ ಫೈಲ್ ತೆರೆಯಲೇಬೇಡಿ, ಮುಂದಕ್ಕೂ ಕಳಿಸಬೇಡಿ. ಪಾಸ್‌ವರ್ಡ್ ಕದಿಯುವ ತಂತ್ರಾಂಶ ಇಂಥ ಹೆಸರಿನಲ್ಲೇ ಒಳಬರುತ್ತದೆ.

ಆರಂಭದ ಪಾಠಗಳಿಗೆ 4 ಜಿಬಿ ರ‍್ಯಾಮ್‌ನ ಹಳೆಯ ಕಂಪ್ಯೂಟರ್ ಸಾಕು. ವಿಂಡೋಸ್ 7 ಇದ್ದರೆ ಮಾತ್ರ ಗಮನಿಸಿ: ಪೈಥಾನ್ 3.9 ಮತ್ತು ನಂತರದ ಆವೃತ್ತಿಗಳು ಅದರಲ್ಲಿ ನಡೆಯವು.

ಹೊಸಬರು ನಿಜವಾಗಿ ಎಡವುವುದು ಬೇರೆ ಕಡೆ. ಇನ್‌ಸ್ಟಾಲ್ ಆಯಿತು, ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಪೈಥಾನ್' ಎಂದು ಟೈಪಿಸಿದರೆ ಅಂಥ ಕಮಾಂಡ್ ಗೊತ್ತಿಲ್ಲ ಎನ್ನುತ್ತದೆ, ಇಲ್ಲವೇ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳುತ್ತದೆ. ಲ್ಯಾಪ್‌ಟಾಪ್ ಕೆಟ್ಟಿಲ್ಲ, ನಿಮ್ಮ ಬುದ್ಧಿಯೂ ಕಡಿಮೆಯಿಲ್ಲ! ನೀವು ಹೆಸರಿಸಿದ ಪ್ರೋಗ್ರಾಂ ಅನ್ನು ವಿಂಡೋಸ್ ಕೆಲವು ಫೋಲ್ಡರ್‌ಗಳಲ್ಲಷ್ಟೇ ಹುಡುಕುತ್ತದೆ. ಆ ಫೋಲ್ಡರ್‌ಗಳ ಪಟ್ಟಿಗೆ 'ಪಾಥ್' ಎಂದು ಹೆಸರು. ಬೀದಿಗೆ ಹೊಸದಾಗಿ ಬಂದ ಬಾಡಿಗೆದಾರರ ಹೆಸರು ಪೋಸ್ಟ್‌ಮ್ಯಾನ್‌ಗೆ ತಿಳಿಯದ ಹಾಗೆ, ಪಟ್ಟಿಯಲ್ಲಿಲ್ಲದ ಪೈಥಾನ್ ಮನೆಯಲ್ಲಿದ್ದರೂ ಸಿಗುವುದಿಲ್ಲ. ಸಾಮಾನ್ಯ ಇನ್‌ಸ್ಟಾಲರ್‌ನ ಮೊದಲ ಪರದೆಯ ಕೆಳಗೆ 'ಆಡ್ ಪೈಥಾನ್ ಟು ಪಾಥ್' ಎಂಬ ಚೌಕವಿರುತ್ತದೆ. ಅದು ತಾನಾಗಿ ಟಿಕ್ ಆಗಿರುವುದಿಲ್ಲ. ನೀವೇ ಟಿಕ್ ಮಾಡಬೇಕು. ಬಿಟ್ಟುಹೋಗಿದ್ದರೆ ಇನ್‌ಸ್ಟಾಲರ್ ಮತ್ತೆ ತೆರೆದು 'ಮಾಡಿಫೈ' ಒತ್ತಿ ಸೇರಿಸಬಹುದು. ಬಳಿಕ ಕಮಾಂಡ್ ಪ್ರಾಂಪ್ಟ್ ಮುಚ್ಚಿ ಹೊಸದಾಗಿ ತೆರೆಯಿರಿ, ಹಳೆಯ ಕಿಟಕಿಗೆ ಹೊಸ ಪಟ್ಟಿ ಗೊತ್ತಿರುವುದಿಲ್ಲ. ಶುಲ್ಕ ಕೇಳುವ 'ಸೆಟಪ್' ಹಲವು ಬಾರಿ ಇಷ್ಟೇ.

ಕೋಡ್ ಬರೆಯಲು ಐಡಲ್ ಎಂಬ ಸರಳ ಎಡಿಟರ್ ಜೊತೆಗೇ ಬರುತ್ತದೆ. ವಿಎಸ್ ಕೋಡ್ ಆಮೇಲೆ ನೋಡಿಕೊಳ್ಳಬಹುದು, ಅದೂ ಉಚಿತ. ಕಂಪ್ಯೂಟರೇ ಇಲ್ಲದವರು ಗೂಗಲ್ ಕೊಲ್ಯಾಬ್ ಅನ್ನು ಮೊಬೈಲ್ ಬ್ರೌಸರ್‌ನಲ್ಲಿ ತೆರೆಯಬಹುದು. ಚಿಕ್ಕ ಪರದೆಯಲ್ಲಿ ಟೈಪಿಸುವುದು ಕಿರಿಕಿರಿ, ಆದರೆ ಕೋಡ್ ಓಡುವುದು ಗೂಗಲ್‌ನ ಸರ್ವರ್‌ನಲ್ಲಿ, ನಿಮ್ಮ ಫೋನ್‌ನಲ್ಲಲ್ಲ.

'ಪಿಪ್' ಕಮಾಂಡ್‌ನಿಂದ ಹೆಚ್ಚುವರಿ ಪ್ಯಾಕೇಜ್ ಹಾಕಿಕೊಳ್ಳುವಾಗ ಸ್ಪೆಲ್ಲಿಂಗ್ ಎರಡು ಬಾರಿ ನೋಡಿ. 'ಕಲರಾಮಾ' ಎಂಬ ಜನಪ್ರಿಯ ಪ್ಯಾಕೇಜ್‌ನ ಹೆಸರಿಗೆ ಒಂದೇ ಅಕ್ಷರ ಸೇರಿಸಿದ ನಕಲಿಯೊಂದು 2018ರಲ್ಲಿ ಪತ್ತೆಯಾಯಿತು. ಬಳಕೆದಾರರು ಕಾಪಿ ಮಾಡಿದ ಬಿಟ್‌ಕಾಯಿನ್ ವಿಳಾಸವನ್ನು ಅದು ಸದ್ದಿಲ್ಲದೆ ಕಳ್ಳರ ವಿಳಾಸಕ್ಕೆ ಬದಲಿಸುತ್ತಿತ್ತು.