ಸೌಂಡ್ ಬರುತ್ತೆ ಅಂತ ಹೀಟ್ ಶೀಲ್ಡ್ ಕಿತ್ತು ಬಿಸಾಕ್ಬೇಡ್ರಪ್ಪ

ಕಾರ್ ಸೀರೀಸ್, ಭಾಗ 6 🚗

ಸೆಕೆಂಡ್ ಹ್ಯಾಂಡ್ ಕಾರು ತಗೊಂಡಿರೋ ನಮ್ಮ ಕ್ಲಾಸ್‌ನವರದ್ದೆಲ್ಲ ಒಂದೇ ಕಂಪ್ಲೇಂಟು: ಬಾನೆಟ್ ಒಳಗಿಂದ "ಟರ್ರ್" ಅಂತ ಸೌಂಡು. ಯಾರೋ ಒಬ್ರು "ಆ ತಗಡು ತೆಗೆದುಬಿಡಿ, ಏನೂ ಆಗಲ್ಲ" ಅಂತಾರೆ. ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ: ತೆಗೀಬೇಡಿ.

ಆ ತಗಡೇ ಹೀಟ್ ಶೀಲ್ಡ್. ಇಂಜಿನ್ನಿಂದ ಹೊಗೆ ಮೊದಲು ಹೊರಗೆ ಬರೋ ಪೈಪು, ಅಂದ್ರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಅದನ್ನ ಮುಚ್ಚಿಕೊಂಡಿರುತ್ತೆ. ಪೆಟ್ರೋಲ್ ಇಂಜಿನ್ ಮೇಲೆ ಲೋಡ್ ಬಿದ್ದಾಗ ಒಳಗಿನ ಹೊಗೆ 700 ಡಿಗ್ರಿ ಸೆಲ್ಸಿಯಸ್ ದಾಟುತ್ತೆ. ಮಾಮೂಲಿ ಪಿವಿಸಿ ವೈರು ತಡ್ಕೊಳ್ಳೋದು ಸುಮಾರು 100 ಡಿಗ್ರಿ. ಇವೆರಡರ ಮಧ್ಯೆ ಇರೋದು ಒಂದು ತೆಳು ತಗಡು, ಅದರ ಹಿಂದೆ ಸ್ವಲ್ಪ ಗಾಳಿ. ತಗಡು ಶಾಖವನ್ನ ವಾಪಸ್ ತಳ್ಳುತ್ತೆ, ಗಾಳಿ ಉಳಿದಿದ್ದನ್ನ ತಡೆಯುತ್ತೆ.

"ತೆಗೆದು ಆರು ತಿಂಗಳಾಯ್ತು, ಏನೂ ಆಗಿಲ್ಲ ಗುರು" ಅನ್ನೋರಿಗೆ: ಇದು ಒಂದೇ ದಿನಕ್ಕೆ ಗೊತ್ತಾಗಲ್ಲ. ವೈರಿನ ಸಿಪ್ಪೆ ನಿಧಾನಕ್ಕೆ ಒಣಗಿ, ಗಟ್ಟಿಯಾಗಿ, ಬಿರುಕು ಬಿಡುತ್ತೆ. ರಬ್ಬರ್ ಹೋಸೂ ಹಂಗೇ. ಚಾರ್ಮಾಡಿ ಘಾಟಿ ಸೆಕೆಂಡ್ ಗೇರಲ್ಲಿ ಹತ್ತುವಾಗ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ನಿಂತಾಗ ಬಾನೆಟ್ ಒಳಗೆ ಗಾಳಿ ಓಡಾಡೋದೂ ಕಮ್ಮಿ. ಮೇಲಿಂದ ಆಯಿಲ್ ಲೀಕಾಗಿ ಬಿಸಿ ಮ್ಯಾನಿಫೋಲ್ಡ್ ಮೇಲೆ ಬಿದ್ರೆ ಬೆಂಕೀನೂ ಹತ್ಬೋದು.

"ರೇಸ್ ಕಾರಲ್ಲಿ ಇರಲ್ವಲ್ಲ?" ಅಲ್ಲಿ ಪೈಪಿಗೆ ಸೆರಾಮಿಕ್ ಕೋಟಿಂಗ್ ಮಾಡ್ತಾರೆ, ಹೀಟ್ ವ್ರ್ಯಾಪ್ ಸುತ್ತುತ್ತಾರೆ, ವೈರಿಗೆ ಸ್ಲೀವ್ ಹಾಕ್ತಾರೆ. ಸುಮ್ನೆ ಕಿತ್ತು ಬಿಡಲ್ಲ.

ಹಾಗಾದ್ರೆ ಸೌಂಡಿಗೆ ಏನ್ ಮಾಡೋದು? ಎಷ್ಟೋ ಸಲ ಬೋಲ್ಟ್ ಹಾಕೋ ತೂತು ತುಕ್ಕು ಹಿಡಿದು ದೊಡ್ಡದಾಗಿರುತ್ತೆ, ಅದಕ್ಕೇ ತಗಡು ಅಲ್ಲಾಡೋದು. ಇಂಜಿನ್ ಪೂರ್ತಿ ತಣ್ಣಗಾದ್ಮೇಲೆ ಕೈಯಲ್ಲಿ ಅಲ್ಲಾಡಿಸಿ ನೋಡಿ. ಅಗಲವಾದ ಸ್ಟೀಲ್ ವಾಷರ್ ಹಾಕ್ಸಿ ಟೈಟ್ ಮಾಡ್ಸಿ. ತುಕ್ಕು ಹಿಡಿದ ಬೋಲ್ಟಿಗೆ ಬಲವಂತ ಬೇಡ, ಮುರಿದ್ರೆ ಅದೇ ದೊಡ್ಡ ಕೆಲಸ. ತಗಡು ಹರಿದು, ಬೆಲ್ಟಿಗೆ ತಾಗೋ ಹಂಗೆ ನೇತಾಡ್ತಿದ್ರೆ ತೆಗೀಲೇಬೇಕು, ಒಪ್ತೀನಿ. ಆದ್ರೆ ಆದಷ್ಟು ಬೇಗ ಹೊಸದು ಹಾಕ್ಸಿ.

ಬಿಕಾಂ ಭಾಷೇಲಿ ಹೇಳ್ಬೇಕಂದ್ರೆ, ಇದು ಕಾರಿನ ಜೊತೆಗೇ ಬಂದಿರೋ, ಪ್ರೀಮಿಯಂ ಕಟ್ಟೋ ಹಾಗಿಲ್ಲದ ಇನ್ಶೂರೆನ್ಸ್. ವಾಷರಿಗೆ ಒಂದು ಟೀ-ಬನ್ ದುಡ್ಡು ಸಾಕು. ವೈರಿಂಗ್ ಸುಟ್ಟೋದ್ರೆ ಬರೋ ಬಿಲ್ಲು ಮನೇಲಿ ಅಪ್ಪನೇ ಕಟ್ಬೇಕು.

ನಿಮ್ಮ ಕಾರಲ್ಲಿ ತಗಡು ಇದ್ಯಾ? ನಾಳೆ ಬೆಳಗ್ಗೆ ಸ್ಟಾರ್ಟ್ ಮಾಡೋ ಮುಂಚೆ ಬಾನೆಟ್ ಎತ್ತಿ ನೋಡಿ, ಕಮೆಂಟಲ್ಲಿ ಹೇಳಿ 👇

#ಕಾರ್‌ಸೀರೀಸ್ #ಹೀಟ್‌ಶೀಲ್ಡ್ #ಕನ್ನಡದಲ್ಲಿಕಾರು