ಹಸ್ತಪ್ರತಿಯ ಮೇಲೊಂದು ಮೊಹರು

ಮಹಾರಾಷ್ಟ್ರದಲ್ಲಿ ಸಾರ್ವಜನಿಕವಾಗಿ ನಾಟಕವಾಡಬೇಕೆಂದರೆ ಮೊದಲು ಅದರ ಹಸ್ತಪ್ರತಿಯನ್ನು ರಾಜ್ಯ ಸರ್ಕಾರದ ರಂಗಭೂಮಿ ಪ್ರಯೋಗ ಪರಿನಿರೀಕ್ಷಣ ಮಂಡಳಿಗೆ ಒಪ್ಪಿಸಬೇಕು. ಮಂಡಳಿ ಓದಿ, ತನಗೆ ಬೇಡವೆನಿಸಿದ್ದನ್ನು ತೆಗೆಸಿ, ಪ್ರಮಾಣಪತ್ರ ಕೊಟ್ಟ ಮೇಲೆಯೇ ಪರದೆ ಮೇಲೇಳಬೇಕು. ಮುಂಬಯಿ, ಪುಣೆಗಳಲ್ಲಿ ಕನ್ನಡ ನಾಟಕವಾಡುವವರಿಗೆ ಇದು ಸಭಾಂಗಣದ ಬಾಡಿಗೆ ರಸೀದಿಯಂತೆ ಮತ್ತೊಂದು ಕಾಗದವೆಂದು ತೋರಬಹುದು. ನಾವು ಹಾಗೆ ಭಾವಿಸುವುದಿಲ್ಲ. ಮಾತು ಆಡುವ ಮುನ್ನವೇ ಅದಕ್ಕೆ ಅಪ್ಪಣೆ ಬೇಕೆಂಬ ನಿಯಮ ಆಡಳಿತದ ಕ್ರಮವಲ್ಲ, ಅಪನಂಬಿಕೆಯ ಘೋಷಣೆ.

ಈ ಅಪನಂಬಿಕೆಗೆ ವಂಶಾವಳಿಯೂ ಉಂಟು. ಬ್ರಿಟಿಷ್ ಯುವರಾಜನನ್ನು ತಮ್ಮ ಮನೆಯ ಅಂತಃಪುರಕ್ಕೆ ಬರಮಾಡಿಕೊಂಡ ಕಲ್ಕತ್ತೆಯ ವಕೀಲರೊಬ್ಬರನ್ನು ಒಂದು ಬಂಗಾಳಿ ಪ್ರಹಸನ ಗೇಲಿ ಮಾಡಿತು. ಅದರ ಬೆನ್ನಿಗೇ 1876ರ ನಾಟಕ ಪ್ರದರ್ಶನ ಕಾಯ್ದೆ ಬಂತು. 1956ರಲ್ಲಿ ಅಲಹಾಬಾದ್ ಹೈಕೋರ್ಟ್ ಅದನ್ನು ಸಂವಿಧಾನಕ್ಕೆ ವಿರುದ್ಧವೆಂದಿತು. ತಮಿಳುನಾಡಿನ 1954ರ ಕಾಯ್ದೆಯ ಮುಖ್ಯ ವಿಧಿಗಳನ್ನು ಮದ್ರಾಸ್ ಹೈಕೋರ್ಟ್ 2013ರಲ್ಲಿ ತಳ್ಳಿಹಾಕಿತು. ಕೊನೆಗೆ ಸಂಸತ್ತೇ 2017ರ ರದ್ದತಿ ಕಾಯ್ದೆಯ ಮೂಲಕ ಆ ಹಳೆಯ ಶಾಸನವನ್ನು ಕಿತ್ತೊಗೆಯಿತು. ಮಹಾರಾಷ್ಟ್ರದ ಪೂರ್ವಪರಿಶೀಲನೆಯಾದರೋ 1951ರ ಪೊಲೀಸ್ ಕಾಯ್ದೆಯ ಆಸರೆಯಲ್ಲಿ ಉಳಿದುಕೊಂಡಿತು. ಅದನ್ನು ಪ್ರಶ್ನಿಸಿ 2016ರಲ್ಲಿ ಅಮೋಲ್ ಪಾಲೇಕರ್ ಬಾಂಬೆ ಹೈಕೋರ್ಟಿಗೆ ಹೋದರು.

ಮಂಡಳಿಯ ವಿವೇಕವನ್ನು ನಂಬೋಣವೇ? ವಿಜಯ ತೆಂಡೂಲ್ಕರರ ‘ಸಖಾರಾಮ್ ಬೈಂಡರ್’ 1972ರಲ್ಲಿ ರಂಗಕ್ಕೆ ಬಂದು ಈ ವ್ಯವಸ್ಥೆಯ ಕೈಯಲ್ಲಿ ನಿಷೇಧಕ್ಕೆ ಒಳಗಾಯಿತು. ನಿರ್ದೇಶಕ ಕಮಲಾಕರ ಸಾರಂಗ್ ಹೈಕೋರ್ಟಿನ ಮೆಟ್ಟಿಲೇರಿ ಅದನ್ನು ಬಿಡಿಸಿಕೊಂಡರು. ಇಂದು ಆ ನಾಟಕವಿಲ್ಲದೆ ಭಾರತೀಯ ರಂಗಭೂಮಿಯ ಪಠ್ಯಕ್ರಮವೇ ಅಪೂರ್ಣ. ಗೆದ್ದವರ ಕಥೆ ನಮಗೆ ಗೊತ್ತು. ಕೋರ್ಟಿಗೆ ಹೋಗುವ ಹಣವೂ ಹಟವೂ ಇಲ್ಲದವರು ಬರೆಯದೇ ಬಿಟ್ಟ ದೃಶ್ಯಗಳ ಲೆಕ್ಕವಿಟ್ಟವರು ಯಾರು?

ಮತ್ತೊಂದು ಮಾತು. ನಾಟಕವೆಂದರೆ ಹಸ್ತಪ್ರತಿಯಲ್ಲ. ಕರಾವಳಿಯಿಂದ ಮುಂಬಯಿಗೆ ನಮ್ಮವರೊಡನೆ ಬಂದ ತಾಳಮದ್ದಳೆಯನ್ನೇ ನೋಡಿ: ಭಾಗವತರ ಪದ ಮುದ್ರಿತ, ಅರ್ಥಧಾರಿಯ ಮಾತು ಆ ಕ್ಷಣದ್ದು. ಎದುರಾಳಿ ಕೃಷ್ಣನೇನು ಹೇಳುತ್ತಾನೆಂದು ಅರಿಯದ ಕೌರವ ತನ್ನ ಉತ್ತರವನ್ನು ಮುಂಗಡವಾಗಿ ಯಾವ ಕಚೇರಿಗೆ ಸಲ್ಲಿಸಬೇಕು? ಈ ನಿಯಮವನ್ನು ಅಕ್ಷರಶಃ ಅನ್ವಯಿಸಿದರೆ ಉಳಿಯುವುದು ಚೆಂಡೆಯೊಂದೇ.

ದ್ವೇಷ ಕೆರಳಿಸುವ ನಾಟಕ ಬಂದರೆ ಏನು ಗತಿ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದಕ್ಕೆ ದಂಡಸಂಹಿತೆಯಿದೆ, ನ್ಯಾಯಾಲಯವಿದೆ. ಅಲ್ಲಿ ಆರೋಪ ರುಜುವಾಗಬೇಕು, ಕಾರಣ ಬರಹದಲ್ಲಿರಬೇಕು, ಮೇಲ್ಮನವಿಗೆ ದಾರಿಯಿರಬೇಕು. ಪೂರ್ವಪರಿಶೀಲನೆ ಇದನ್ನೆಲ್ಲ ತಿರುವುಮುರುವು ಮಾಡುತ್ತದೆ: ತಾನು ನಿರಪರಾಧಿ ಎಂದು ನಾಟಕಕಾರನೇ ಮೊದಲು ಸಾಬೀತುಪಡಿಸಬೇಕು.

ಹೊರನಾಡಿನ ಕನ್ನಡ ಸಂಘಗಳು ಈ ವಿಷಯದಲ್ಲಿ ಅತಿಥಿಗಳಂತೆ ಸುಮ್ಮನಿರಬೇಕಾಗಿಲ್ಲ. ಮರಾಠಿ ರಂಗಕರ್ಮಿಗಳ ಹೋರಾಟ ನಮ್ಮದೂ ಹೌದು. ಪ್ರಮಾಣಪತ್ರದ ಪದ್ಧತಿ ರದ್ದಾಗಬೇಕು. ಅಲ್ಲಿಯವರೆಗೆ, ತೆಗೆಸಿದ ಪ್ರತಿಯೊಂದು ಸಾಲಿಗೂ ಲಿಖಿತ ಕಾರಣವನ್ನು ಕೇಳಿ ಪಡೆಯೋಣ. ಕಾರಣ ಬರೆಯಬೇಕಾಗಿ ಬಂದಾಗ ಕತ್ತರಿಯೂ ಒಮ್ಮೆ ಯೋಚಿಸುತ್ತದೆ.