ಆಟಕ್ಕೂ ಇಷ್ಟು ಕಟ್ಟುನಿಟ್ಟು ಯಾಕೆ?



ದಸರಾ ರಜೆಯಲ್ಲಿ ಬೆಂಗಳೂರಿಗೆ ದೊಡ್ಡಪ್ಪನ ಮನೆಗೆ ಹೋಗಿದ್ದೆ. ಅಲ್ಲಿ ನಮ್ಮಣ್ಣ ಕಂಪ್ಯೂಟರಿನಲ್ಲಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಡುತ್ತಾನೆ. ಬೇರೆ ಬೇರೆ ಊರಿನವರು ಇಂಟರ್ನೆಟ್ಟಿನಲ್ಲೇ ಸೇರಿ ಸಂಘ ಕಟ್ಟಿಕೊಂಡಿರುತ್ತಾರೆ, ಅದಕ್ಕೆ ಗಿಲ್ಡ್ ಅಂತಾರೆ. ಒಂದು ದಿನ ಅಣ್ಣ ಹತ್ತೇ ನಿಮಿಷ ತಡ ಮಾಡಿದ. ಅವನ ಜಾಗಕ್ಕೆ ಇನ್ನೊಬ್ಬನನ್ನು ಹಾಕಿಕೊಂಡುಬಿಟ್ಟಿದ್ರು! ಪಾಪ, ರಾತ್ರಿ ಸರಿಯಾಗಿ ಊಟಾನೂ ಮಾಡಲಿಲ್ಲ. ನನಗಂತೂ ಸಿಟ್ಟು ಬಂತು.

ಆಮೇಲೆ ಅವನನ್ನೇ ಕೇಳಿ ತಿಳಿದುಕೊಂಡೆ. 2004ರಲ್ಲಿ ಈ ಆಟ ಶುರುವಾದಾಗ ‘ಮೋಲ್ಟನ್ ಕೋರ್’ ಎಂಬ ಬೆಂಕಿ ಗುಹೆಗೆ 40 ಜನರ ತಂಡ ಹೋಗುತ್ತಿತ್ತು. 2014ರಲ್ಲಿ ಅತಿ ಕಠಿಣ ಹಂತಕ್ಕೆ 20 ಜನ ಅಂತ ಗೊತ್ತುಮಾಡಿದರು. ಗಾಯ ವಾಸಿಮಾಡುವವನೇ ಬರದಿದ್ದರೆ ಉಳಿದವರ ಸಂಜೆಯೆಲ್ಲ ಹಾಳು. ರಾಕ್ಷಸ ಸತ್ತರೆ ಸಿಗುವ ಆಯುಧಗಳೋ ಕೆಲವೇ, ಬೇಕು ಅನ್ನೋರು ಎಲ್ಲರೂ. ಅದಕ್ಕೆ ಎಷ್ಟೋ ಸಂಘಗಳಲ್ಲಿ ನಮ್ಮ ಮೇಷ್ಟ್ರ ಹಾಗೆ ಹಾಜರಿ ಹಾಕಿ ಅಂಕ ಕೊಡ್ತಾರೆ! ಜೊತೆಗೆ, ಜಗತ್ತಿನಲ್ಲೇ ಮೊದಲು ಗೆಲ್ಲೋದು ಯಾರು ಅನ್ನೋ ಪೈಪೋಟಿ ಬೇರೆ. 2010ರಲ್ಲಿ ‘ಲಿಚ್ ಕಿಂಗ್’ನನ್ನು 25 ಜನರ ಕಠಿಣ ಹಂತದಲ್ಲಿ ಮೊದಲು ಸೋಲಿಸಿದ್ದು ಫಿನ್ಲೆಂಡಿನ ‘ಪ್ಯಾರಗಾನ್’.

ಹೀಗಿರುವಾಗ ‘ನಮ್ಮದು ಹಾರ್ಡ್‌ಕೋರ್ ಗಿಲ್ಡ್’ ಅಂತ ಮೊದಲೇ ಹೇಳಿಬಿಡೋದು ನನಗೆ ಸರಿ ಅನಿಸುತ್ತೆ. ಸೇರುವವರಿಗೆ ಗೊತ್ತಿರುತ್ತೆ, ಆಮೇಲೆ ಅತ್ತು ಪ್ರಯೋಜನವಿಲ್ಲ. ಆದರೆ ಗೆಲ್ಲೋ ಪ್ರಯತ್ನಾನೇ ಮಾಡದೆ, ಹೊಸಬರನ್ನು ಹೀಯಾಳಿಸೋಕೆ ಮಾತ್ರ ಅದೇ ಬೋರ್ಡು ಹಾಕಿಕೊಳ್ಳೋರೂ ಇದ್ದಾರಂತೆ. ಅದು ಬರೀ ಜಂಭ.

ಮಾರನೇ ದಿನ ನೋಡ್ತೀನಿ, ಅಣ್ಣ ಕಾಲು ಗಂಟೆ ಮೊದಲೇ ಬಂದು ಕೂತಿದ್ದ.

– 9ನೇ ತರಗತಿ ವಿದ್ಯಾರ್ಥಿ